ಹರಿಹರಕ್ಕೆ ಹೋಗುವುದಕ್ಕೊಂದು ಕಾರಣ

ಒಂದು ಮಧ್ಯಾಹ್ನ ಹಾಲಿನ ಅಂಗಡಿಯ ಮುಂದೆ ನಿಂತು ‘ಅರ್ಧ ಲೀಟರ್ ಕೊಡಿ’ ಎಂದಾಗ ನನ್ನ ಗಂಟಲಿನಿಂದ ಹೊರಟ ದನಿಗೆ ನಾನೇ ಬೆಚ್ಚಿದೆ. ಕಟ್ಟಿಕೊಂಡ, ಒಡಕು ದನಿ. ಅಂಗಡಿಯವನು ‘ನೆಗಡಿ ಆಗೈತೇನ್ರಿ ಮೇಡಂ?’ ಎಂದ. ಹೌದು ಎಂದೆ. ನೆಗಡಿಯೂ ಇಲ್ಲ, ಕೆಮ್ಮೂ ಇಲ್ಲ. ಬೆಳಗಿನಿಂದ ಬಾಯಿ ತೆರೆದದ್ದು ಆಗಲೇ ಮೊದಲು, ಅಷ್ಟೇ.

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೇನೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸಾಕಾಗಿ, ಈಗ ತಮ್ಮ ಮಕ್ಕಳ ಮದುವೆಯ ಚಿಂತೆಯಲ್ಲಿದ್ದಾರೆ. ಕೆಳಗಿನ ಮನೆಯವರು ಒಳ್ಳೆಯವರು. ಅವರಿಗೂ ನನಗೂ ನೀರಿನ ವಾಲ್ವ್ ವಿಷಯದಲ್ಲಿ ಮಾತುಕತೆ ಇದೆ; ‘ನೀರು ಬಂತಾ?’, ‘ಬಂತು’. ಟ್ಯಾಂಕು ತುಂಬಿದರೆ ಮಾತೂ ಮುಗಿಯಿತು.

ನನ್ನ ಕೆಲಸ ಸಾಫ್ಟ್‌ವೇರಿನದು. ಮೊದಲು ನಮ್ಮ ಸಣ್ಣ ಕಂಪನಿಯ ಆಫೀಸು ಕರೂರು ಕೈಗಾರಿಕಾ ಪ್ರದೇಶದಲ್ಲಿ, ಒಂದು ಪೈಪು ಕಾರ್ಖಾನೆಯ ಮೇಲಿನ ಅಂತಸ್ತಿನಲ್ಲಿತ್ತು. ಸುತ್ತಲಿನ ಕಾರ್ಖಾನೆಗಳಿಗೆ, ಗಿರಣಿಗಳಿಗೆ ಬೇಕಾದ ಲೆಕ್ಕದ, ತೂಕದ ಪ್ರೋಗ್ರಾಂ ಮಾಡಿಕೊಡುತ್ತಿದ್ದೆವು. ಕೆಳಗೆ ಯಂತ್ರ ಕಿರುಚುತ್ತಿದ್ದರೆ ಮೇಲೆ ನಾವು ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳವಾಡುತ್ತಿದ್ದೆವು. ನಾನು ಎಲ್ಲರಿಗಿಂತ ಜೋರು. ಚಹಾ ತಣ್ಣಗಿದ್ದರೆ ಬೈಯುತ್ತಿದ್ದೆ, ನನ್ನ ಕುರ್ಚಿ ಯಾರಾದರೂ ಎಳೆದುಕೊಂಡರೆ ಬೈಯುತ್ತಿದ್ದೆ. ಕೊರೋನಾ ಬಂದಾಗ ಎಲ್ಲರೂ ಮನೆ ಸೇರಿದೆವು. ಕೊರೋನಾ ಹೋಯಿತು, ಆಫೀಸು ವಾಪಸು ಬರಲಿಲ್ಲ. ಬೇರೆ ಊರಿನ ಕಂಪನಿಯೊಂದು ನಮ್ಮದನ್ನು ಕೊಂಡುಕೊಂಡಿತು. ಮನೆಯಿಂದಲೇ ಕೆಲಸ ಚೆನ್ನಾಗಿ ಸಾಗುತ್ತಿದೆಯಲ್ಲ, ಬಾಡಿಗೆ ಯಾಕೆ ದಂಡ ಎಂದು ಅಂತಸ್ತನ್ನು ಖಾಲಿ ಮಾಡಿಸಿತು. ಈಗ ಸಹೋದ್ಯೋಗಿಗಳೆಂದರೆ ಪರದೆಯ ಅಂಚಿನಲ್ಲಿ ಹೆಸರುಗಳ ಪಕ್ಕದ ಹಸಿರು ಚುಕ್ಕೆಗಳು. ಬೈಯುವುದಕ್ಕೂ ಒಬ್ಬರು ಎದುರಿಗಿರಬೇಕು ಎಂಬುದು ಆಗಲೇ ತಿಳಿದದ್ದು.

ನನ್ನ ಪಾಲಿಗೆ ಬಂದದ್ದು ಇಮೇಜ್ ಕಟ್ಟುವ ಕೆಲಸ. ಇಮೇಜ್ ಎಂದರೆ ಇಲ್ಲಿ ಚಿತ್ರವಲ್ಲ. ಒಂದು ಪ್ರೋಗ್ರಾಂ ನಡೆಯಲು ಏನೇನು ಬೇಕೋ ಎಲ್ಲವನ್ನೂ ಅದರ ಜೊತೆಗೇ ಗಂಟು ಕಟ್ಟಿಡುವುದು. ಆ ಗಂಟನ್ನು ಯಾವ ಊರಿನ ಯಾವ ಕಂಪ್ಯೂಟರಿಗೆ ಒಯ್ದರೂ ಬಿಚ್ಚಿದ ಕೂಡಲೇ ಓಡುತ್ತದೆ; ‘ನಮ್ಮಲ್ಲಿ ನಡೀತಿತ್ತು, ನಿಮ್ಮಲ್ಲಿ ಯಾಕೆ ನಡೀತಿಲ್ಲ’ ಎಂಬ ಜಗಳ ಇಲ್ಲ. ಕಟ್ಟುವಾಗ ಕಂಪ್ಯೂಟರು ಒಂದೊಂದೇ ಹಂತ ಮುಗಿಸಿ ಪರದೆಯ ಮೇಲೆ ಒಂದೊಂದು ಸಾಲು ತೋರಿಸುತ್ತದೆ. ಈಚೆಗೆ ನಾನು ಆ ಸಾಲುಗಳನ್ನು ಗಟ್ಟಿಯಾಗಿ ಓದುತ್ತೇನೆ, ಒಂದೊಂದಕ್ಕೂ ‘ಹೂಂ’ ಎನ್ನುತ್ತೇನೆ. ಯಾರಾದರೂ ನೋಡಿದರೆ ತಲೆ ಕೆಟ್ಟಿದೆ ಅಂದಾರು. ನೋಡುವವರಿಲ್ಲದ್ದರಿಂದ ಆ ಭಯವಿಲ್ಲ.

ಗಂಟು ಕಟ್ಟುವ ಹೊತ್ತಿಗೆ ಕೆಲವು ಮೌಲ್ಯಗಳನ್ನು ಹೊರಗಿನಿಂದ ಕೊಡಬಹುದು. ಬಿಲ್ಡ್ ವೇರಿಯಬಲ್ ಅನ್ನುತ್ತೇವೆ. ಗಿರಾಕಿಯ ಹೆಸರು ಏನು, ಚೀಟಿ ಯಾವ ಅಳತೆಯದು, ಭಾಷೆ ಯಾವುದು, ಇಂಥವು. ಕಟ್ಟುವಾಗ ಕೊಟ್ಟದ್ದು ಒಳಗೆ ಸೇರಿ ಗಟ್ಟಿಯಾಗುತ್ತದೆ. ಕಟ್ಟಿ ಮುಗಿದ ಮೇಲೆ ಆ ವೇರಿಯಬಲ್ ಇರುವುದಿಲ್ಲ, ಅದು ಮಾಡಿಹೋದ ಕೆಲಸ ಮಾತ್ರ ಉಳಿಯುತ್ತದೆ. ಬದಲಿಸಬೇಕೆಂದರೆ ಹೊಸದಾಗಿ ಕಟ್ಟಬೇಕು. ಇದಕ್ಕೆ ಎದುರಾಗಿ ಇನ್ನೊಂದು ಬಗೆ ಇದೆ: ಓಡಿಸುವಾಗ ಕೊಡುವ ಮೌಲ್ಯ. ಅದನ್ನು ಗಿರಾಕಿಯೇ ಬೇಕೆಂದಾಗ ಬದಲಿಸಿಕೊಳ್ಳಬಹುದು. ಮೊದಲನೆಯದು ಚಕ್ಕುಲಿಯ ಹಿಟ್ಟು ಕಲಸುವಾಗ ಹಾಕಿದ ಉಪ್ಪು. ಎರಡನೆಯದು ಎಲೆಯ ತುದಿಗೆ ಬಡಿಸಿದ ಉಪ್ಪು. ಯಾವುದನ್ನು ಯಾವಾಗ ಹಾಕಬೇಕು ಎಂದು ತೀರ್ಮಾನಿಸುವುದೇ ನನ್ನ ಕಸುಬು. ಅದರಲ್ಲಿ ನಾನು ಕೈಪಳಗಿದವಳು.

ಹರಿಹರದ ಅಕ್ಕಿ ಗಿರಣಿಯ ಇಮೇಜನ್ನು ಮಾತ್ರ ನಾನು ಬೇಕಂತಲೇ ಕಲಸುವ ಉಪ್ಪಿನ ಲೆಕ್ಕದಲ್ಲಿ ಕಟ್ಟಿದ್ದೆ. ಇದನ್ನು ಹೇಳಲು ನನಗೆ ನಾಚಿಕೆಯೇನಿಲ್ಲ.

ಆ ಗಿರಣಿ ಹರಿಹರದ ಹೊರಗೆ, ರಸ್ತೆಗೆ ಅಂಟಿಕೊಂಡೇ ಇದೆ. ಬಾಗಿಲಲ್ಲೇ ಲಾರಿ, ಟ್ರ್ಯಾಕ್ಟರುಗಳನ್ನು ತೂಗುವ ವೇ ಬ್ರಿಡ್ಜ್. ಅದರ ಪಕ್ಕ ಕಿಟಕಿಯಿರುವ ಒಂದು ಪುಟ್ಟ ಕೋಣೆ. ಕೋಣೆಯಲ್ಲಿ ಕಂಪ್ಯೂಟರು, ಚೀಟಿ ಮುದ್ರಿಸುವ ಯಂತ್ರ, ಗೋಡೆಗೆ ಬಸವಣ್ಣನ ಪಟ, ಕುರ್ಚಿಯಲ್ಲಿ ಅಕ್ಕಾರು. ಅಕ್ಕಾರು ಎಂದರೆ ಗಿರಣಿ ಮಾಲೀಕರ ಅತ್ತಿಗೆ. ನನಗಿಂತ ಹತ್ತಾರು ವರ್ಷ ದೊಡ್ಡವರು, ಹಣೆಗೆ ದಟ್ಟ ವಿಭೂತಿ, ತವರು ಹದಡಿ. ಗಂಡ ತೀರಿಕೊಂಡ ಮೇಲೆ ಮನೆಯೊಳಗೆ ಸುಮ್ಮನೆ ಕೂರಲಾರೆ ಎಂದು ಹಟ ಹಿಡಿದು ತೂಕದ ಕೋಣೆಗೆ ಬಂದು ಕೂತವರು, ಆಮೇಲೆ ಏಳಲಿಲ್ಲ. ಲಾರಿ ಚಾಲಕರಿಗೆಲ್ಲ ಅವರೆಂದರೆ ಸ್ವಲ್ಪ ಭಯ, ಬಹಳ ಗೌರವ.

ಆ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ‘ನೆಟ್ ಹಾಕ್ಸಿದ್ರೆ ಹಮಾಲರು ಒಳಗ ಬಂದು ಸಿನಿಮಾ ನೋಡ್ತಾರ್ರಿ, ಲಾರಿ ಹೊರಗ ನಿಂತಿರ್ತವೆ’ ಎಂದು ಮಾಲೀಕರು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರು. ಹಾಗಾಗಿ ಏನು ಬದಲಿಸಬೇಕಾದರೂ ನಾನು ಮನೆಯಲ್ಲಿ ಹೊಸ ಇಮೇಜ್ ಕಟ್ಟಿ, ಪೆನ್ ಡ್ರೈವಿಗೆ ಹಾಕಿಕೊಂಡು, ಬಸ್ಸು ಹತ್ತಬೇಕು. ಬಸ್ಸಿನವರ ಕೈಗೆ ಕೊಟ್ಟು ಕಳಿಸಬಹುದಿತ್ತಲ್ಲ ಎಂದು ಕೇಳಬೇಡಿ. ಮದುವೆ ಕಾರ್ಡಿನಿಂದ ಹಿಡಿದು ಔಷಧಿಯವರೆಗೆ ಎಲ್ಲವೂ ಬಸ್ಸಿನವರ ಕೈಯಲ್ಲೇ ಹೋಗುವ ಸೀಮೆ ಇದು, ನನಗೆ ಗೊತ್ತಿದೆ. ನಾನು ಕಳಿಸಲಿಲ್ಲ.

ಬದಲಿಸಬೇಕಾದದ್ದು ಮುಖ್ಯವಾಗಿ ಚೀಲದ ತೂಕ. ಭತ್ತ ಬರುವುದು ಚೀಲದಲ್ಲಿ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಸಾಲದು, ಚೀಲಗಳ ತೂಕವನ್ನೂ ಕಳೆಯಬೇಕು. ಮಳೆಗಾಲದ ಪೈರು ಬರುವಾಗ ಗೋಣಿಚೀಲಕ್ಕೆ ತೇವ ಹಿಡಿದಿರುತ್ತದೆ. ಬೇಸಿಗೆಯ ಭತ್ತಕ್ಕೆ ಪ್ಲಾಸ್ಟಿಕ್ ಚೀಲ ಹೆಚ್ಚು. ಆದ್ದರಿಂದ ಪ್ರತಿ ಸುಗ್ಗಿಯ ಮೊದಲ ದಿನ ಆ ಗಿರಣಿಯಲ್ಲಿ ಒಂದು ಪದ್ಧತಿ. ಗಾಡಿ ನಿಲ್ಲುವ ತೂಕದ ಪಟ್ಟಿಗೆ ಕಾಯಿ ಒಡೆದು, ಖಾಲಿ ಚೀಲಗಳ ರಾಶಿ ಹಾಕುತ್ತಾರೆ. ರೈತರ ಕಡೆಯವರೊಬ್ಬರು ತಮಗೆ ಕಂಡ ಚೀಲ ಎಳೆಯುತ್ತಾರೆ, ಗಿರಣಿಯ ಕಡೆಯವರೊಬ್ಬರು ತಮಗೆ ಕಂಡದ್ದು ಎಳೆಯುತ್ತಾರೆ. ರೈತರು ನೆನೆದ ಚೀಲ ಬೇಡ ಅನ್ನುವಂತಿಲ್ಲ, ಗಿರಣಿಯವರು ಹರಿದ ಚೀಲ ಬೇಡ ಅನ್ನುವಂತಿಲ್ಲ. ಎಳೆದದ್ದನ್ನೆಲ್ಲ ಕಟ್ಟಿ ಸಣ್ಣ ತಕ್ಕಡಿಗೆ ಹಾಕಿ, ಸರಾಸರಿ ತೆಗೆದು, ಹಮಾಲರ ಮೇಸ್ತ್ರಿ ಗಟ್ಟಿಯಾಗಿ ಕೂಗುತ್ತಾನೆ. ಎಲ್ಲರೂ ‘ಆತು’ ಅನ್ನಬೇಕು. ಒಬ್ಬರು ಅನ್ನದಿದ್ದರೂ ಮತ್ತೆ ಎಳೆಯಬೇಕು. ‘ಆತು’ ಎಂದ ಮೇಲೆ ಆ ಸುಗ್ಗಿ ಮುಗಿಯುವವರೆಗೆ ಚೀಲದ ತೂಕದ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ.

ನಾನೂ ಆ ಗುಂಪಿನಲ್ಲಿ ನಿಂತು ‘ಆತು’ ಅನ್ನುತ್ತಿದ್ದೆ. ನನ್ನ ‘ಆತು’ವಿಗೆ ಬೆಲೆಯೇನೂ ಇರಲಿಲ್ಲ, ಆದರೂ ಗಟ್ಟಿಯಾಗಿ ಅನ್ನುತ್ತಿದ್ದೆ. ಅಷ್ಟು ಜನರ ಜೊತೆ ಒಂದೇ ಮಾತನ್ನು ಒಟ್ಟಿಗೆ ಆಡುವುದು ವರ್ಷದಲ್ಲಿ ನನಗೆ ಬೇರೆಲ್ಲೂ ಒದಗುತ್ತಿರಲಿಲ್ಲ. ಆ ಮೌಲ್ಯವನ್ನು ಹೊತ್ತು ದಾವಣಗೆರೆಗೆ ಬಂದು, ಇಮೇಜ್ ಕಟ್ಟಿ, ಮರುದಿನ ಮತ್ತೆ ಹರಿಹರಕ್ಕೆ. ಒಂದು ಸುಗ್ಗಿಗೆ ಎರಡು ಪ್ರಯಾಣ. ನಡುವೆ ಚೀಟಿಯ ಮೇಲಿನ ಹೆಸರು ದೊಡ್ಡದಾಗಬೇಕು, ಅಕ್ಷರ ಸ್ವಲ್ಪ ಎಡಕ್ಕೆ ಬರಬೇಕು ಎಂದು ಅಕ್ಕಾರು ಫೋನ್ ಮಾಡಿದರೆ ಇನ್ನೊಂದು. ‘ನೀವು ಬರಬೇಕಾಗುತ್ತೇನೋ ಮೇಡಂ, ತ್ರಾಸು ನಿಮಗ’ ಅನ್ನುತ್ತಿದ್ದರು. ‘ಬರಲೇಬೇಕು ಅಕ್ಕಾರೆ, ಕಟ್ಟುವಾಗಲೇ ಹಾಕಬೇಕು, ಬೇರೆ ದಾರಿ ಇಲ್ಲ’ ಎಂದು ನಾನು ನಿಟ್ಟುಸಿರು ಬಿಡುತ್ತಿದ್ದೆ. ಆ ನಿಟ್ಟುಸಿರು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ನಾಟಕ ಕಂಪನಿಯವರು ಕೇಳಿದ್ದರೆ ಪಾತ್ರ ಕೊಡುತ್ತಿದ್ದರು.

ಹರಿಹರದಲ್ಲಿ ಮಹಾ ಏನಾದರೂ ನಡೆಯುತ್ತಿತ್ತು ಎಂದಲ್ಲ. ನಾನು ಇಮೇಜ್ ಹಾಕುತ್ತಿದ್ದೆ, ಅಕ್ಕಾರು ಗಾಡಿ ತೂಗುತ್ತಿದ್ದರು. ಗಾಡಿಗಳ ನಡುವಿನ ಬಿಡುವಿನಲ್ಲಿ ಮಾತು. ಹದಡಿಯಲ್ಲಿ ಅವರ ತಮ್ಮ ಮೆಕ್ಕೆಜೋಳ ಬಿಟ್ಟು ಅಡಿಕೆ ಹಾಕಿದ್ದು, ಅದಕ್ಕೆ ಇವರು ಬೈದದ್ದು. ಗಿರಣಿಯ ಧೂಳಿಗೆ ಅವರಿಗೆ ಬರುವ ಸೀನು. ಕಿಟಕಿಯಲ್ಲಿ ಮುಖ ತೂರಿಸಿ ಬೇಗ ಬೇಗ ಅನ್ನುವ ಚಾಲಕನಿಗೆ ‘ನಿನ್ ಗಾಡಿಗೆ ರೆಕ್ಕೆ ಕಟ್ಕಳಪ್ಪ’ ಎಂಬ ಜವಾಬು. ನಡುವೆ ಒಗ್ಗರಣೆ ಮಂಡಕ್ಕಿ, ಚಹಾ. ಊಟದ ಹೊತ್ತಿಗೆ ಅಕ್ಕಾರು ‘ನೀವು ನಿಮ್ಮ ಕೆಲಸ ನೋಡ್ಕಳ್ರಿ, ಬಂದೆ’ ಎಂದು ಗಿರಣಿಯ ಹಿಂದಿನ ಮನೆಗೆ ಹೋಗುತ್ತಿದ್ದರು. ನಾನು ಕೋಣೆಯಲ್ಲಿ ಕೂತು ನನ್ನ ಡಬ್ಬಿ ಬಿಚ್ಚುತ್ತಿದ್ದೆ. ಸಂಜೆಯಾಗುತ್ತಿದ್ದಂತೆ ಅವರೇ ಗಡಿಯಾರ ನೋಡಿ ‘ಬಸ್ಸಿಗೆ ಹೊತ್ತಾತು ನೋಡ್ರಿ’ ಎಂದು ಎಬ್ಬಿಸುತ್ತಿದ್ದರು. ಆಗ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಕೆಲಸ ಮುಗಿದರೆ ನಾನು ಇವರಿಗೆ ಬೇಡ ಎಂದು ಬಸ್ಸಿನ ಕಿಟಕಿಗೆ ತಲೆ ಆನಿಸಿ ಮುಖ ಊದಿಸಿಕೊಂಡೇ ದಾವಣಗೆರೆ ತಲುಪುತ್ತಿದ್ದೆ. ಮರುದಿನದಿಂದ ಮತ್ತೆ ಅವರ ಫೋನಿಗೇ ಕಾಯುತ್ತಿದ್ದೆ. ಮಾನ ಮರ್ಯಾದೆ ಇಲ್ಲದ ಜನ್ಮ.

ಹೀಗಿರುವಾಗ ಒಂದು ಮಳೆಗಾಲದ ಪೈರಿನ ಸುಗ್ಗಿಯಲ್ಲಿ ಎಡವಟ್ಟಾಯಿತು.

ಇಮೇಜ್ ಕಟ್ಟುವ ಕ್ರಮವನ್ನು ಒಂದು ಕಡತದಲ್ಲಿ ಬರೆದಿರುತ್ತೇವೆ. ಯಾವ ಬುನಾದಿಯ ಮೇಲೆ ಕಟ್ಟಬೇಕು ಎಂಬ ಸಾಲು ಅದರಲ್ಲಿ ಸಾಮಾನ್ಯವಾಗಿ ಮೊದಲು ಬರುತ್ತದೆ. ಆ ಸಾಲಿಗಿಂತ ಮೇಲೆ ವೇರಿಯಬಲ್ ಬರೆದರೆ ಅದು ಆ ಸಾಲಿಗಷ್ಟೇ ಕಾಣುತ್ತದೆ. ಒಳಗಿನ ಕೆಲಸಗಳಿಗೂ ಬೇಕೆಂದರೆ ಬುನಾದಿಯ ಸಾಲು ದಾಟಿದ ಮೇಲೆ ಅದರ ಹೆಸರನ್ನು ಇನ್ನೊಮ್ಮೆ ಹೇಳಬೇಕು. ಹೇಳದಿದ್ದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯಂತೆ ಮೌಲ್ಯ ಹೊರಗೇ ಉಳಿಯುತ್ತದೆ. ಇದನ್ನು ನಾನು ಎಷ್ಟು ಜನ ಹೊಸಬರಿಗೆ ಬೈದು ಬೈದು ಕಲಿಸಿದ್ದೇನೋ. ಆ ಸಲ ಕಡತವನ್ನು ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ ಎಲ್ಲ ವೇರಿಯಬಲ್‌ಗಳನ್ನೂ ಎತ್ತಿ ಮೇಲೆ ಸಾಲಾಗಿ ಇಟ್ಟೆ, ಒಳಗೆ ಇನ್ನೊಮ್ಮೆ ಹೇಳಲಿಲ್ಲ. ಚೀಲದ ತೂಕ ಖಾಲಿಯಾಗಿ ಒಳಗೆ ಹೋಯಿತು. ಕಂಪ್ಯೂಟರು ತಪ್ಪೆಂದು ಗೊಣಗಲೂ ಇಲ್ಲ; ಖಾಲಿ ಎಂದರೆ ಸೊನ್ನೆ ಎಂದುಕೊಂಡು ಸುಮ್ಮನೆ ಕಟ್ಟಿ ಮುಗಿಸಿತು. ನಾನು ಸಾಲು ಸಾಲಿಗೂ ‘ಹೂಂ’ ಎಂದೆ.

ಹರಿಹರದಲ್ಲಿ ಅದನ್ನು ಹಾಕಿ ಮೊದಲ ಟ್ರ್ಯಾಕ್ಟರಿನ ಚೀಟಿ ಮುದ್ರಿಸಿದಾಗ ಚೀಲದ ತೂಕದ ಜಾಗದಲ್ಲಿ ದುಂಡು ಸೊನ್ನೆ. ಟ್ರ್ಯಾಕ್ಟರಿನ ರೈತ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಏನ್ರಿ ಇದು, ಈ ವರ್ಷ ಚೀಲಕ್ಕೆ ತೂಕನೇ ಇಲ್ಲೇನ್ರಿ?’ ಎಂದು ನಕ್ಕ. ಹಮಾಲರೂ ನಕ್ಕರು. ಅಕ್ಕಾರು ಆ ಚೀಟಿಯನ್ನು ಹರಿದು, ಆ ದಿನಕ್ಕೆ ಹಳೆಯ ಇಮೇಜನ್ನೇ ಓಡಿಸಿ, ಚೀಲದ ವ್ಯತ್ಯಾಸವನ್ನು ಕೈಯಲ್ಲೇ ಲೆಕ್ಕ ಹಾಕಿ ಬರೆದುಕೊಟ್ಟರು. ‘ನಾಳೆ ಸರಿ ಮಾಡಿಕೊಂಡು ಬರ್ತೀನಿ’ ಎಂದೆ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಗಾಬರಿಯಾಯಿತು. ತಪ್ಪು ಮಾಡಿದ್ದಕ್ಕಲ್ಲ, ಖುಷಿಯಾಗಿದ್ದಕ್ಕೆ. ಕಸುಬಿನಲ್ಲಿ ಹೆಸರು ಮಾಡಿದವಳು ಹತ್ತು ಜನರ ಎದುರು ಎಡವಿ ಬಿದ್ದಿದ್ದೇನೆ, ನಾಳೆ ಇನ್ನೊಂದು ದಿನ ಹರಿಹರಕ್ಕೆ ಹೋಗಬಹುದು ಎಂದು ಮನಸ್ಸು ಕುಣಿಯುತ್ತಿದೆ. ಗದ್ದೆಗಳಲ್ಲಿ ಕೊಯ್ಲಿನ ಯಂತ್ರಗಳು ಓಡಾಡುತ್ತಿದ್ದವು. ಅವುಗಳನ್ನು ನೋಡುತ್ತಾ, ನಾನು ಎಷ್ಟು ಒಂಟಿಯಾಗಿದ್ದೇನೆ ಎಂದು ಮೊದಲ ಬಾರಿಗೆ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಿದ್ದರಿಂದ ಹಗುರವೇನೂ ಆಗಲಿಲ್ಲ.

ಮರುದಿನ ಹೋಗಿ ಸರಿಯಾದ ಇಮೇಜ್ ಹಾಕಿ ಬಂದೆ. ತಪ್ಪಾದರೆ ಯಾಕಾಯಿತು ಎಂದು ವರದಿ ಕೊಡಬೇಕೆಂಬುದು ಹೊಸ ಕಂಪನಿಯ ನಿಯಮ. ಕೊಟ್ಟೆ. ನಮ್ಮ ತಂಡದ ಮುಖ್ಯಸ್ಥ ಬೇರೆ ಊರಿನಲ್ಲಿರುವ, ನಾನು ಮುಖತಃ ನೋಡಿಯೇ ಇರದ ಮನುಷ್ಯ. ನನಗಿಂತ ಬಹಳ ಚಿಕ್ಕವನು, ಬಹಳ ವಿನಯ. ಬೈಯಲು ಒಂದು ಸಂದಾದರೂ ಕೊಡಬೇಕಲ್ಲ, ಅದೂ ಕೊಡುವುದಿಲ್ಲ. ವರದಿ ಓದಿ ಫೋನ್ ಮಾಡಿದ.

‘ಮೇಡಂ, ಒಂದು ಸಣ್ಣ ಸಜೆಶನ್. ಈ ಚೀಲದ ತೂಕ, ಹೆಸರು, ಅಕ್ಷರದ ಜಾಗ, ಇವೆಲ್ಲ ಬಿಲ್ಡ್ ವೇರಿಯಬಲ್ ಯಾಕೆ? ರನ್ ಮಾಡುವಾಗ ತಗೊಂಡರೆ ಅವರೇ ಬದಲಿಸಿಕೊಳ್ಳುತ್ತಾರಲ್ಲ.’

‘ಅವರೇ ಬದಲಿಸಿಕೊಳ್ಳುವಂತಾದರೆ ರೈತರಿಗೆ ನಂಬಿಕೆ ಇರುವುದಿಲ್ಲ’ ಎಂದೆ. ‘ಎಲ್ಲರ ಎದುರು ಒಪ್ಪಿದ ತೂಕ. ಒಳಗೆ ಗಟ್ಟಿಯಾಗಿ ಕೂತಿರಬೇಕು. ಯಾರೋ ನಡುವೆ ಕೈಯಾಡಿಸುವಂತಿರಬಾರದು.’ ಇದು ಸುಳ್ಳಲ್ಲ, ನೋಡಿ. ನನ್ನ ಕಾರಣ ಬೇರೆ ಇದ್ದ ಮಾತ್ರಕ್ಕೆ ಇದು ಸುಳ್ಳಾಗುವುದಿಲ್ಲ.

‘ಕರೆಕ್ಟ್ ಮೇಡಂ. ಆದರೆ ಪ್ರತಿ ಚೀಟಿಯಲ್ಲೂ ಚೀಲದ ತೂಕ ಪ್ರಿಂಟ್ ಆಗುತ್ತೆ ಅಲ್ವಾ? ಬದಲಿಸಿದರೆ ರೈತರಿಗೆ ಅಲ್ಲೇ ಕಾಣುತ್ತೆ. ಮೊನ್ನೆ ಕಂಡಿದ್ದೂ ಹಾಗೇ ತಾನೇ? ಜೊತೆಗೆ ಒಂದು ಪಾಸ್‌ವರ್ಡ್ ಇಡೋಣ. ನೀವು ಪ್ರತಿ ಸಲ ಅಷ್ಟು ದೂರ ಅಲೆಯೋದು ತಪ್ಪುತ್ತೆ.’

ಅಷ್ಟು ದೂರವಂತೆ. ದಾವಣಗೆರೆಯಿಂದ ಹರಿಹರ! ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬರುವ ಊರು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎಂಬುದು ಇನ್ನೂ ಉರಿಸಿತು. ಒಂದೇ ದಿನದಲ್ಲಿ ಬದಲಿಸಿದೆ. ಕೆಲಸವನ್ನು ಕೆಟ್ಟದಾಗಿ ಮಾಡಿ ಸೇಡು ತೀರಿಸಿಕೊಳ್ಳೋಣ ಎಂದರೆ ಕೈ ಕೇಳಲಿಲ್ಲ. ಬಹಳ ಚೆನ್ನಾಗಿ ಬಂತು.

ನಡೆಯುತ್ತಿದ್ದ ಸುಗ್ಗಿ ಮುಗಿಯಲಿ ಎಂದು ಕಾದು, ಅದನ್ನು ಹಾಕಲು ಹೋದದ್ದು ಚಳಿ ಮುಗಿದು ಬಿಸಿಲು ಏರುವ ಕಾಲ. ಅಕ್ಕಾರಿಗೆ ತೋರಿಸಿಕೊಟ್ಟೆ: ಇಲ್ಲಿ ಒತ್ತಬೇಕು, ಪಾಸ್‌ವರ್ಡ್ ಹಾಕಬೇಕು, ಚೀಲದ ತೂಕ ಬರೆಯಬೇಕು, ಮತ್ತೆ ಇಲ್ಲಿ ಒತ್ತಬೇಕು. ಒಂದು ಸಲ ತಡವರಿಸಿದರು, ಎರಡನೆಯ ಸಲಕ್ಕೆ ಬಂತು. ‘ಅಯ್ಯ, ಇಷ್ಟೇನಾ?’ ಎಂದರು. ‘ಇಷ್ಟೇ’ ಎಂದೆ. ‘ಮತ್ತ ಇಷ್ಟು ದಿನ ಯಾಕ ಹಿಂಗ ಮಾಡಿರಲಿಲ್ಲ?’ ಎಂದು ಕೇಳಿಯಾರು ಎಂದು ಹೆದರಿದ್ದೆ. ಕೇಳಲಿಲ್ಲ. ಕಿಟಕಿಯಲ್ಲಿ ಲಾರಿಯವನು ಕರೆದ, ಆ ಕಡೆ ತಿರುಗಿದರು. ‘ಇನ್ಮ್ಯಾಲೆ ನಿಮಗ ಅಲೆದಾಟ ತಪ್ತು ಬಿಡ್ರಿ’ ಎಂದು ಅವರೂ ಅಂದರು. ಎಲ್ಲರಿಗೂ ನನ್ನ ಅಲೆದಾಟದ್ದೇ ಚಿಂತೆ.

ಆಮೇಲೆ ಫೋನ್ ಬರಲಿಲ್ಲ. ಬೇಸಿಗೆಯ ಪೈರು ಕೊಯ್ಲಿಗೆ ಬಂತು. ತರಕಾರಿ ತರಲು ಹೋದಾಗ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಕಾಣತೊಡಗಿದವು. ಒಂದರ ಹಿಂದೆ ಹಾಗೇ ನಿಂತು ಚೀಲ ಯಾವುದು ಎಂದು ನೋಡಿದೆ, ಪ್ಲಾಸ್ಟಿಕ್. ಹರಿಹರದಲ್ಲಿ ರಾಶಿ ಹಾಕಿರುತ್ತಾರೆ, ಎಳೆದಿರುತ್ತಾರೆ, ಎಲ್ಲರೂ ಒಟ್ಟಿಗೆ ‘ಆತು’ ಎಂದಿರುತ್ತಾರೆ. ನನ್ನದೊಂದು ದನಿ ಕಡಿಮೆಯಾದದ್ದು ಯಾರಿಗೂ ತಿಳಿದಿರುವುದಿಲ್ಲ. ಮನೆಗೆ ಬಂದು ಫೋನಿನ ರಿಂಗು ಸರಿಯಾಗಿದೆಯೇ ಎಂದು ಪರೀಕ್ಷಿಸಿದೆ. ಸರಿಯಾಗೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ, ತಡೆಯಲಾರದೆ, ಚೀಲಕ್ಕೆ ಒಂದು ಪೆನ್ ಡ್ರೈವ್ ಹಾಕಿಕೊಂಡು ಹೊರಟೆ. ಹೊಸ ಪೆನ್ ಡ್ರೈವ್. ಅದರಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ಅದೊಂದಿದ್ದರೆ ಹೋಗಬಹುದು ಅನ್ನಿಸಿತು, ಅಷ್ಟೇ.

ಅಕ್ಕಾರು ನನ್ನನ್ನು ಕಂಡ ಕೂಡಲೇ ಎದ್ದು ನಿಂತರು. ‘ಬರ್ರಿ ಮೇಡಂ, ಬರ್ರಿ, ಕೂಡ್ರಿ. ನೋಡ್ರಿ, ಚೀಲದ ತೂಕ ನಾನೇ ಹಾಕೀನಿ. ಒಂದ್ ಚೂರೂ ತಪ್ಪಿಲ್ಲ’ ಎಂದು ಚೀಟಿ ಹಿಡಿದು ತೋರಿಸಿದರು. ನಿಜಕ್ಕೂ ಒಂದು ಚೂರೂ ತಪ್ಪಿರಲಿಲ್ಲ. ಚೆನ್ನಾಗಿದೆ ಎಂದೆ. ಆಮೇಲೆ ಅವರ ಮುಖದಲ್ಲಿ ಸಣ್ಣ ಕಳವಳ ಕಾಣಿಸಿತು. ‘ಮತ್ತ, ಯಾಕ ಬಂದ್ರಿ? ಏನಾರ ತೊಂದ್ರೆ ಐತಾ?’

‘ಒಂದು ಅಪ್‌ಡೇಟ್ ಇದೆ’ ಎಂದೆ.

ಅವರು ತಮ್ಮ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಪೆನ್ ಡ್ರೈವ್ ಸಿಕ್ಕಿಸಿದೆ. ಪರದೆಯ ಮೇಲೆ ಒಂದು ಬಿಳಿಯ ಕಿಂಡಿ ತೆರೆದುಕೊಂಡಿತು, ಖಾಲಿ. ಹೊರಗೆ ಗಾಡಿಯಿಲ್ಲದ ಹೊತ್ತು. ಹಮಾಲರು ನೆರಳಿನಲ್ಲಿ ಮಲಗಿದ್ದರು. ಅಕ್ಕಾರು ನನ್ನನ್ನು ನೋಡುತ್ತಿದ್ದರು, ನಾನು ಖಾಲಿ ಕಿಂಡಿಯನ್ನು ನೋಡುತ್ತಿದ್ದೆ. ಏನಾದರೂ ಟೈಪು ಮಾಡಿದಂತೆ ಮಾಡಿ ಮುಗಿಸಬಹುದಿತ್ತು. ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟೂ ಆಗಿತ್ತು. ಒಮ್ಮೆಲೇ ಇದೆಲ್ಲ ಸಾಕು ಅನ್ನಿಸಿತು.

‘ಅಕ್ಕಾರೆ, ಇದರಲ್ಲಿ ಏನೂ ಇಲ್ಲ. ಕೆಲಸ ಏನೂ ಇಲ್ಲ. ಸುಮ್ಮನೆ ಬಂದೆ’ ಎಂದೆ. ಗಂಟಲು ಹಾಲಿನ ಅಂಗಡಿಯ ಮುಂದಿನಂತೆಯೇ ಒಡೆಯಿತು. ‘ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಇಲ್ಲಿಗೆ ಬಂದರೆ ಮಾತಾಡಬಹುದು ಅಂತ ಬರ್ತಿದ್ದೆ. ನಮ್ಮ ಆಫೀಸು ಮುಚ್ಚಿದಾಗಿನಿಂದಲೂ.’

ನಗುತ್ತಾರೆ ಎಂದುಕೊಂಡೆ, ಇಲ್ಲವೇ ಪಾಪ ಎಂದು ಕೈ ಹಿಡಿದುಕೊಳ್ಳುತ್ತಾರೆ, ಅದು ಇನ್ನೂ ಕಷ್ಟ. ಎರಡೂ ಮಾಡಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.

‘ಅಲ್ರಿ, ನೀವೇ ಅಲ್ಲೇನ್ರಿ ಬ್ಯಾಡ ಅಂದಿದ್ದು?’ ಎಂದರು.

‘ನಾನಾ? ಏನು ಬೇಡ ಅಂದೆ?’

‘ಮೊದಲ್ನೇ ದಿನ. ಈ ಕಂಪ್ಯೂಟ್ರು ಕೂಡ್ಸಾಕೆ ಬಂದಿದ್ರಲ್ಲ, ಆವತ್ತು. ಮನಿಗೆ ಬರ್ರಿ, ರೊಟ್ಟಿ ಬಿಸಿ ಐತೆ, ಉಂಡು ಹೋಗೀರಂತೆ ಅಂತ ಕರ್ದೆ. ನೀವು ನನ್ ಮುಖನೂ ನೋಡ್ಲಿಲ್ಲ. “ನಾನು ಕೆಲಸದ ಮೇಲೆ ಬಂದಿದೀನಿ” ಅಂದ್ರಿ. ಗಡಸಾಗಿ. ನನಗ ಹೆಂಗಾಗಿರಬ್ಯಾಡ? ಓದಿದೋರು, ಕಂಪನಿಯೋರು, ಹೊತ್ತಿಗೆ ಬೆಲೆ ಇರೋರು, ನಾವು ಹಳ್ಳಿ ಮಂದಿ ಮೈಮ್ಯಾಲೆ ಬೀಳಬಾರದು ಅಂತ ಅವತ್ತೇ ಅಂದ್ಕಂಡೆ. ಆಮ್ಯಾಲೆ ಹೆಂಗ ಕರೀಲಿ ಹೇಳ್ರಿ? ಒಬ್ಬಾಕಿನೇ ಇಲ್ಲಿ ಡಬ್ಬಿ ಬಿಚ್ಕಂಡು ಉಣ್ತಿದ್ರಿ, ನನಗ ಅಲ್ಲಿ ತುತ್ತು ಇಳೀತಿರಲಿಲ್ಲ. ಲಗೂನ ಉಂಡು ಓಡಿ ಬರ್ತಿದ್ದೆ. ನಿಮ್ಮ ಬಸ್ಸು ತಪ್ಪಿದ್ರೆ ಬೈಕಂತೀರಿ ಅಂತ ಗಡಿಯಾರ ನೋಡ್ಕಂಡು ಕೂಡ್ತಿದ್ದೆ.’

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆ ಮೊದಲ ದಿನ ನೆನಪಿದೆ. ತಂತಿ ಎಳೆದದ್ದು, ಯಂತ್ರ ಚೀಟಿ ಉಗುಳದೆ ಸತಾಯಿಸಿದ್ದು, ಧೂಳು, ಸೆಕೆ, ಎಲ್ಲ ನೆನಪಿದೆ. ಆ ಮಾತು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಆದರೆ ನಾನು ಅಂದಿರುತ್ತೇನೆ. ಅದು ನನ್ನದೇ ಮಾತು, ನನ್ನದೇ ದನಿ. ಆಗ ನನಗೆ ಕರೂರಿನ ಆಫೀಸು ಇತ್ತು, ಬೈಯಲು ಜನ ಇದ್ದರು, ಅಪರಿಚಿತರ ಮನೆಯ ಬಿಸಿ ರೊಟ್ಟಿಯ ಹಂಗಿರಲಿಲ್ಲ.

‘ನನಗೆ ನೆನಪೇ ಇಲ್ಲ ಅಕ್ಕಾರೆ’ ಎಂದೆ.

‘ನಿಮಗಿಲ್ಲ. ನನಗೈತೆ’ ಎಂದರು.

ಕಿಟಕಿಯ ಹೊರಗೆ ಒಂದು ಟ್ರ್ಯಾಕ್ಟರು ಬಂದು ತೂಕದ ಪಟ್ಟಿಯ ಮೇಲೆ ನಿಂತಿತು. ಅವರು ನನ್ನನ್ನು ಎಬ್ಬಿಸಿ ತಮ್ಮ ಕುರ್ಚಿಗೆ ಬಂದರು, ತೂಗಿದರು, ಚೀಲ ಎಷ್ಟೆಂದು ಕೇಳಿದರು, ಬರೆದುಕೊಂಡರು. ನಾನು ಅವರ ಹಿಂದೆ ಗೋಡೆಗೆ ಒರಗಿ ನಿಂತು, ಕಣ್ಣು ಒರೆಸಿಕೊಳ್ಳುತ್ತಿದ್ದೆ. ಈ ಕೋಣೆಯಲ್ಲಿ ಕಳೆದ ಮಧ್ಯಾಹ್ನಗಳೆಲ್ಲ ಒಂದೊಂದಾಗಿ ನೆನಪಾದವು. ನನ್ನನ್ನು ಯಾರೂ ಒಳಗೆ ಕರೆಯುವುದಿಲ್ಲ ಎಂದು ನಾನು ಮುಖ ಊದಿಸಿಕೊಂಡು ಬಸ್ಸು ಹತ್ತಿದ ಸಂಜೆಗಳೂ ನೆನಪಾದವು. ಅಷ್ಟು ಸಲ ಬಂದೆ, ಪ್ರತಿ ಸಲವೂ ಕೆಲಸದ ಮೇಲೆಯೇ ಬಂದೆ. ಒಮ್ಮೆಯಾದರೂ ಬರಿಗೈಯಲ್ಲಿ ಬಂದಿದ್ದರೆ ಸಾಕಿತ್ತು.

ಟ್ರ್ಯಾಕ್ಟರು ಒಳಗೆ ಹೋಯಿತು. ಅಕ್ಕಾರು ಚೀಟಿಯ ಯಂತ್ರದ ಮೇಲೆ ಬಟ್ಟೆ ಹೊದಿಸಿದರು, ಹಮಾಲರ ಮೇಸ್ತ್ರಿಯನ್ನು ಕೂಗಿ ಗಾಡಿ ಬಂದರೆ ನಿಲ್ಲಿಸು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟು ಇನ್ನೂ ಇಳಿದಿರಲಿಲ್ಲ.

‘ಈಗ ಕೇಳ್ತೀನಿ. ಇದೊಂದೇ ಸಲ ಕೇಳ್ತೀನಿ. ಮನಿಗೆ ಬರ್ತೀರೋ ಇಲ್ಲೋ?’

ಬರ್ತೀನಿ ಎಂದು ಹೇಳಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಮತ್ತೆ ಬೇಡ ಅಂದೆನೆಂದು ಅವರು ತಿಳಿದುಬಿಟ್ಟಾರು ಎಂಬ ಹೆದರಿಕೆಗೆ ನಾನು ಅವರ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.